ತಡೆಯುವವನ ಚರಿತ್ರೆ: ಬೆರ್ಟಿ ಫೋಗ್ಟ್ಸ್ ಮತ್ತು ಎರಡು ಜರ್ಮನಿಗಳ ಒಂದು ತಂಡ

ಜರ್ಮನಿಯಲ್ಲಿ ಬಂದು ನೆಲೆಸಿದ ನಮ್ಮಂಥ ಕುಟುಂಬಗಳಿಗೆ ಈ ದೇಶದ ಕಾಲ್ಚೆಂಡಾಟ ಎಂದೊಡನೆ ನೆನಪಾಗುವ ಹೆಸರುಗಳು ಕೆಲವೇ. ಫ್ರಾಂಟ್ಸ್ ಬೆಕೆನ್‌ಬೌವರ್, ಗೆರ್ಡ್ ಮ್ಯೂಲರ್, ಲೋಥರ್ ಮಾಥೇಯುಸ್, ಯುರ್ಗೆನ್ ಕ್ಲಿನ್ಸ್‌ಮನ್ ಮುಂತಾದವರು ಆ ಸಾಲಿನ ಮುಂಭಾಗದಲ್ಲಿ ನಿಲ್ಲುತ್ತಾರೆ. ಬೆರ್ಟಿ ಫೋಗ್ಟ್ಸ್ ಎಂಬ ಹೆಸರು ಬಹಳ ಹಿಂದೆ ಎಲ್ಲೋ ಇರುತ್ತದೆ. ಇಲ್ಲಿನ ಹಿರಿಯರನ್ನು ಕೇಳಿದರೂ ಅವರಿಗೆ ಮೊದಲು ನೆನಪಾಗುವುದು 1978ರಲ್ಲಿ ಆತ ಕೈತಪ್ಪಿದಂತೆ ತನ್ನದೇ ತಂಡದ ಬಲೆಗೆ ಸೇರಿಸಿದ ಚೆಂಡು, ಇಲ್ಲವೇ 1998ರಲ್ಲಿ ಅವರ ತರಬೇತಿಯ ತಂಡ ಕ್ರೊಯೇಷಿಯಾದ ಎದುರು ಮುಗ್ಗರಿಸಿದ ಸಂಜೆ.

ಆದರೆ ಈ ವ್ಯಕ್ತಿ 1974ರ ವಿಶ್ವಕಪ್ ಗೆದ್ದ ತಂಡದ ರಕ್ಷಣಾ ಆಟಗಾರ. 1996ರಲ್ಲಿ ಯುರೋಪಿನ ಚಾಂಪಿಯನ್ನರಾದ ತಂಡದ ತರಬೇತುದಾರ. ಅದಕ್ಕಿಂತ ಮುಖ್ಯವಾಗಿ, ಪೂರ್ವ ಮತ್ತು ಪಶ್ಚಿಮ ಜರ್ಮನಿಗಳು ಒಂದಾದಾಗ ಎರಡು ದೇಶಗಳ ಆಟಗಾರರನ್ನು ಒಂದೇ ಅಂಗಿಯೊಳಗೆ ತರುವ ಹೊಣೆ ಬಿದ್ದದ್ದು ಇವರ ಹೆಗಲ ಮೇಲೆ. ನಮ್ಮಲ್ಲಿ ಹೆಚ್ಚಿನವರು ಈ ನಾಡಿಗೆ ಬರುವ ಹೊತ್ತಿಗೆ ಏಕೀಕರಣವೆಂಬುದು ಪಠ್ಯಪುಸ್ತಕದ ಅಧ್ಯಾಯವಾಗಿತ್ತು. ಅದು ಒಂದೇ ದಿನದಲ್ಲಿ ಸಹಿ ಹಾಕಿ ಮುಗಿದ ಕೆಲಸವಲ್ಲ ಎಂಬುದನ್ನು ಫೋಗ್ಟ್ಸ್ ಅವರ ವೃತ್ತಿಜೀವನ ಚೆನ್ನಾಗಿ ತೋರಿಸುತ್ತದೆ. ಆದ್ದರಿಂದಲೇ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣವೆಂದುಕೊಂಡೆವು.

ಬ್ಯೂಟ್ಗೆನ್‌ನ ಹುಡುಗ

ಹಾನ್ಸ್-ಹ್ಯೂಬರ್ಟ್ ಫೋಗ್ಟ್ಸ್ ಹುಟ್ಟಿದ್ದು 1946ರ ಡಿಸೆಂಬರ್ 30ರಂದು, ನೋಯ್ಸ್ ಪಟ್ಟಣದ ಸಮೀಪದ ಬ್ಯೂಟ್ಗೆನ್ ಎಂಬ ಊರಿನಲ್ಲಿ. ಮಹಾಯುದ್ಧ ಮುಗಿದು ಆಗಿನ್ನೂ ಒಂದೂವರೆ ವರ್ಷ. ಬಾಲ್ಯದಲ್ಲಿಯೇ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ ಹುಡುಗ ಬಂಧುಗಳ ಆಸರೆಯಲ್ಲಿ ಬೆಳೆದ. ಕಾರ್ಖಾನೆಗಳಿಗೆ ಬೇಕಾದ ಉಪಕರಣಗಳನ್ನು ತಯಾರಿಸುವ ಕಸುಬನ್ನು ಕಲಿತ. ಊರಿನ ಚಿಕ್ಕ ಕ್ಲಬ್ಬಿನಲ್ಲಿ ಚೆಂಡಾಡುತ್ತಿದ್ದ. ಎತ್ತರ ಸುಮಾರು ಐದೂವರೆ ಅಡಿ ಮಾತ್ರ. ತಲೆಯೆತ್ತರದಲ್ಲಿ ಹಾರಿ ಬರುವ ಚೆಂಡುಗಳನ್ನು ಎದುರಿಸಬೇಕಾದ ರಕ್ಷಣಾ ಆಟಗಾರನಿಗೆ ಇದು ಹೇಳಿಕೊಳ್ಳುವಂಥ ಮೈಕಟ್ಟಲ್ಲ.

1965ರಲ್ಲಿ ಅವರು ಬೊರುಸಿಯಾ ಮ್ಯೊನ್ಶೆನ್‌ಗ್ಲಾಡ್‌ಬಾಖ್ ಕ್ಲಬ್ಬನ್ನು ಸೇರಿದರು. ಆ ವರ್ಷವೇ ಆ ಕ್ಲಬ್ಬು ಬುಂಡೆಸ್‌ಲೀಗಾಕ್ಕೆ ಬಡ್ತಿ ಪಡೆಯಿತು. ಅದರ ಜೊತೆಗೇ ಬಡ್ತಿ ಪಡೆದ ಇನ್ನೊಂದು ಕ್ಲಬ್ಬು ಬಾಯರ್ನ್ ಮ್ಯೂನಿಕ್. ಮುಂದಿನ ಒಂದು ದಶಕದ ಜರ್ಮನ್ ಕಾಲ್ಚೆಂಡಾಟವೆಂದರೆ ಬಹುಪಾಲು ಈ ಎರಡು ಕ್ಲಬ್ಬುಗಳ ಪೈಪೋಟಿಯೇ. ಹೆನ್ನೆಸ್ ವೈಸ್‌ವೈಲರ್ ತರಬೇತಿಯಲ್ಲಿ ಬೆಳೆದ ಗ್ಲಾಡ್‌ಬಾಖ್‌ನ ಎಳೆಯ ತಂಡವನ್ನು ಜನ ಪ್ರೀತಿಯಿಂದ ಮರಿಗುದುರೆಗಳೆಂದು ಕರೆದರು. 1970 ಮತ್ತು 1971ರಲ್ಲಿ, ಮತ್ತೆ 1975ರಿಂದ 1977ರವರೆಗೆ ಸತತ ಮೂರು ಬಾರಿ, ಒಟ್ಟು ಐದು ಸಲ ಅದು ಲೀಗ್ ಗೆದ್ದಿತು. ಇದಲ್ಲದೆ 1973ರಲ್ಲಿ ಜರ್ಮನ್ ಕಪ್ಪನ್ನೂ 1975 ಹಾಗೂ 1979ರಲ್ಲಿ ಯುಎಫಾ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಈ ಎಲ್ಲ ವರ್ಷಗಳಲ್ಲೂ ಫೋಗ್ಟ್ಸ್ ಅಲ್ಲಿಯೇ ಇದ್ದರು. 14 ಋತುಗಳಲ್ಲಿ 419 ಬುಂಡೆಸ್‌ಲೀಗಾ ಪಂದ್ಯಗಳನ್ನು ಆಡಿದರು. ಅಷ್ಟೂ ಒಂದೇ ಕ್ಲಬ್ಬಿಗಾಗಿ. 1971 ಮತ್ತು 1979ರಲ್ಲಿ ಅವರನ್ನು ಜರ್ಮನಿಯ ವರ್ಷದ ಆಟಗಾರನೆಂದು ಆರಿಸಲಾಯಿತು. ಗೋಲು ಹೊಡೆಯುವವರಿಗೇ ಹೆಚ್ಚಾಗಿ ಸಲ್ಲುವ ಗೌರವಗಳ ನಡುವೆ ಒಬ್ಬ ಡಿಫೆಂಡರ್‌ಗೆ ಎರಡು ಬಾರಿ ದೊರೆತ ಮನ್ನಣೆಯಿದು.

ನೆರಳಾಗಿ ನಿಲ್ಲುವ ಕೆಲಸ

ಆ ಕಾಲದ ರಕ್ಷಣೆಯ ರೀತಿಯನ್ನು ಅರಿಯದೆ ಫೋಗ್ಟ್ಸ್ ಅವರ ಆಟವನ್ನು ಅರಿಯಲಾಗದು. ಇಂದಿನ ತಂಡಗಳು ಮೈದಾನದ ಭಾಗಗಳನ್ನು ಹಂಚಿಕೊಂಡು ಕಾಯುತ್ತವೆ. ಅಂದು ವ್ಯಕ್ತಿಗಳನ್ನು ಕಾಯುತ್ತಿದ್ದರು. ಎದುರಾಳಿ ತಂಡದ ಅಪಾಯಕಾರಿ ಆಟಗಾರನೊಬ್ಬನನ್ನು ತೋರಿಸಿ, ಇವನು ನಿನ್ನ ಪಾಲಿಗೆ ಎಂದು ಡಿಫೆಂಡರ್‌ಗೆ ವಹಿಸಲಾಗುತ್ತಿತ್ತು. ಆತ ಹೋದಲ್ಲೆಲ್ಲ ಇವನು ಹೋಗಬೇಕು, ಆತ ತಿರುಗಿದಾಗ ಇವನೂ ತಿರುಗಬೇಕು. ತೊಂಬತ್ತು ನಿಮಿಷ ಇನ್ನೊಬ್ಬನ ನೆರಳಾಗಿರುವುದೇ ಕೆಲಸ. ಹಿಡಿದ ಕಾಲನ್ನು ಬಿಡದ ಪುಟ್ಟ ಬೇಟೆನಾಯಿಯ ಜಾತಿಯನ್ನು ನೆನೆದು ಫೋಗ್ಟ್ಸ್ ಅವರಿಗೆ ಜನ ಕೊಟ್ಟ ಅಡ್ಡಹೆಸರು ಟೆರಿಯರ್.

ಇದೇ ತಂಡದಲ್ಲಿ ಬೆಕೆನ್‌ಬೌವರ್ ಲಿಬೆರೊ ಆಗಿದ್ದರು. ಲಿಬೆರೊ ಎಂದರೆ ಯಾರನ್ನೂ ಬೆನ್ನಟ್ಟುವ ಕಟ್ಟುಪಾಡಿಲ್ಲದ, ಎಲ್ಲರ ಹಿಂದೆ ನಿಂತು ಆಟವನ್ನು ಓದುವ, ಅವಕಾಶ ಕಂಡಾಗ ಮುನ್ನುಗ್ಗುವ ಸ್ವತಂತ್ರ ಆಟಗಾರ. ಆ ಸ್ವಾತಂತ್ರ್ಯದ ಸೊಬಗನ್ನು ಲೋಕ ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ಒಬ್ಬನು ಹಾಗೆ ಸ್ವತಂತ್ರನಾಗಿ ವಿಹರಿಸಬೇಕಾದರೆ ಉಳಿದವರು ತಮ್ಮ ಪಾಲಿನ ಎದುರಾಳಿಯನ್ನು ಕಟ್ಟಿಹಾಕಿರಬೇಕು. ಮ್ಯೂನಿಕ್‌ನ ಶ್ವಾರ್ಟ್ಸೆನ್‌ಬೆಕ್ ಮತ್ತು ಗ್ಲಾಡ್‌ಬಾಖ್‌ನ ಫೋಗ್ಟ್ಸ್ ಅಂಥ ಉಳಿದವರು.

1974: ಹ್ಯಾಂಬರ್ಗ್ ಮತ್ತು ಮ್ಯೂನಿಕ್

1974ರ ವಿಶ್ವಕಪ್ ಪಶ್ಚಿಮ ಜರ್ಮನಿಯಲ್ಲಿಯೇ ನಡೆಯಿತು. ಜೂನ್ 22ರಂದು ಹ್ಯಾಂಬರ್ಗ್‌ನಲ್ಲಿ ಆತಿಥೇಯರ ಎದುರಾಳಿ ಪೂರ್ವ ಜರ್ಮನಿ. ಎರಡೂ ದೇಶಗಳ ಹಿರಿಯರ ರಾಷ್ಟ್ರೀಯ ತಂಡಗಳು ಮುಖಾಮುಖಿಯಾದ ಏಕೈಕ ಪಂದ್ಯವದು. 77ನೆಯ ನಿಮಿಷದಲ್ಲಿ ಯುರ್ಗೆನ್ ಸ್ಪಾರ್‌ವಾಸರ್ ಹೊಡೆದ ಗೋಲಿನಿಂದ ಪೂರ್ವದವರು 1-0 ಅಂತರದಲ್ಲಿ ಗೆದ್ದರು. ಅಂದು ಪಶ್ಚಿಮದ ರಕ್ಷಣಾ ಸಾಲಿನಲ್ಲಿ ಫೋಗ್ಟ್ಸ್ ಇದ್ದರು. ಗೋಡೆಯ ಆಚೆಯವರು ಅನ್ಯರಷ್ಟೇ ಅಲ್ಲ, ಸೋಲಿಸಬಲ್ಲ ಅನ್ಯರು ಎಂಬುದನ್ನು ಮೈದಾನದಲ್ಲಿ ನಿಂತು ಕಂಡವರಲ್ಲಿ ಅವರೂ ಒಬ್ಬರು. ಹದಿನಾರು ವರ್ಷಗಳ ಬಳಿಕ ಅದೇ ಆಚೆಯವರ ಆಟಗಾರರನ್ನು ತಮ್ಮ ತಂಡಕ್ಕೆ ಬರಮಾಡಿಕೊಳ್ಳುವ ಸ್ಥಾನದಲ್ಲಿ ತಾವಿರುತ್ತೇವೆಂದು ಆಗ ಅವರು ಊಹಿಸಿರಲಾರರು.

ಜುಲೈ 7ರಂದು ಮ್ಯೂನಿಕ್‌ನಲ್ಲಿ ಫೈನಲ್ ಪಂದ್ಯ. ಎದುರಾಳಿ ನೆದರ್ಲ್ಯಾಂಡ್ಸ್, ಆ ತಂಡದ ಜೀವಾಳ ಯೋಹಾನ್ ಕ್ರೈಫ್. ಅವರನ್ನು ಕಾಯುವ ಹೊಣೆ ಫೋಗ್ಟ್ಸ್ ಪಾಲಿಗೆ ಬಂತು. ಆಟ ಆರಂಭವಾಗಿ ಜರ್ಮನರ ಕಾಲಿಗೆ ಚೆಂಡು ತಾಕುವ ಮೊದಲೇ ಕ್ರೈಫ್ ಫೋಗ್ಟ್ಸ್‌ರನ್ನು ದಾಟಿ ನುಗ್ಗಿದರು. ಊಲಿ ಹೋನೆಸ್ ಅವರನ್ನು ಬೀಳಿಸಿದ್ದರಿಂದ ಪೆನಾಲ್ಟಿ ದೊರೆತು ನೇಸ್ಕೆನ್ಸ್ ಗೋಲು ಗಳಿಸಿದರು. ಕೆಲವೇ ನಿಮಿಷಗಳಲ್ಲಿ ಫೋಗ್ಟ್ಸ್‌ಗೆ ಹಳದಿ ಕಾರ್ಡು. ಇನ್ನೊಂದು ತಪ್ಪಾದರೆ ಮೈದಾನ ಬಿಡಬೇಕಾದ ಸ್ಥಿತಿ. ಮುಂದೆ ಎಂಬತ್ತಕ್ಕೂ ಹೆಚ್ಚು ನಿಮಿಷಗಳ ಆಟ. ಕಾಯಬೇಕಾದದ್ದು ಲೋಕದ ಶ್ರೇಷ್ಠ ಆಟಗಾರನನ್ನು. ಅಲ್ಲಿಂದ ಮುಂದೆ ಫೋಗ್ಟ್ಸ್ ಕ್ರೈಫ್‌ರ ಬೆನ್ನು ಬಿಡಲಿಲ್ಲ. ಈ ಕಾಟದಿಂದ ಪಾರಾಗಲು ಕ್ರೈಫ್ ತಮ್ಮದೇ ಅರ್ಧದತ್ತ ಹಿಂದೆ ಹಿಂದೆ ಸರಿಯತೊಡಗಿದರು. ಅವರು ಹಿಂದೆ ಸರಿದಷ್ಟೂ ಡಚ್ಚರ ದಾಳಿ ಮೊನೆ ಕಳೆದುಕೊಂಡಿತು. ಬ್ರೈಟ್ನರ್ ಪೆನಾಲ್ಟಿಯಿಂದ ಸಮ ಮಾಡಿದರು, ಮ್ಯೂಲರ್ ಗೆಲುವಿನ ಗೋಲು ಹೊಡೆದರು. 2-1. ಅಂಕಪಟ್ಟಿಯಲ್ಲಿ ಬ್ರೈಟ್ನರ್ ಮತ್ತು ಮ್ಯೂಲರ್ ಹೆಸರುಗಳಿವೆ. ಕ್ರೈಫ್ ಹೊಡೆಯದ ಗೋಲುಗಳನ್ನು ಬರೆಯಲು ಅಂಕಪಟ್ಟಿಯಲ್ಲಿ ಜಾಗವಿಲ್ಲ.

ಸೋಲುಗಳ ನೆನಪು

ತಡೆಯುವ ಕೆಲಸದ ಸ್ವಭಾವವೇ ಇದು: ಸಫಲವಾದಾಗ ಏನೂ ನಡೆದಂತೆ ಕಾಣುವುದಿಲ್ಲ, ವಿಫಲವಾದಾಗ ಎಲ್ಲರಿಗೂ ಕಾಣುತ್ತದೆ. 1977ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ತಂಡದ ಕೆವಿನ್ ಕೀಗನ್ ಫೋಗ್ಟ್ಸ್‌ರನ್ನು ಬಹಳವಾಗಿ ದಣಿಸಿದರು. ಕೊನೆಯ ಹಂತದಲ್ಲಿ ಕೀಗನ್‌ರನ್ನು ಬೀಳಿಸಿದ್ದಕ್ಕೆ ಪೆನಾಲ್ಟಿ ಕೊಡಲಾಯಿತು. ಗ್ಲಾಡ್‌ಬಾಖ್ 3-1 ಅಂತರದಲ್ಲಿ ಸೋತಿತು. ಅದಕ್ಕೆ ಒಂದು ವರ್ಷ ಮೊದಲು, 1976ರಲ್ಲಿ, ಬೆಲ್‌ಗ್ರೇಡ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯು ಚೆಕೊಸ್ಲೊವಾಕಿಯಾಕ್ಕೆ ಪೆನಾಲ್ಟಿಗಳಲ್ಲಿ ಶರಣಾಗಿತ್ತು. ಆ ಪಂದ್ಯದಲ್ಲೂ ಫೋಗ್ಟ್ಸ್ ಆಡಿದ್ದರು.

1978ರಲ್ಲಿ ಅರ್ಜೆಂಟೀನಾದ ವಿಶ್ವಕಪ್ಪಿಗೆ ಅವರು ನಾಯಕರಾಗಿ ಹೋದರು. ಜೂನ್ 21ರಂದು ಕೊರ್ಡೊಬಾದಲ್ಲಿ ಆಸ್ಟ್ರಿಯಾದ ವಿರುದ್ಧದ ಪಂದ್ಯದಲ್ಲಿ ಜರ್ಮನಿ ಮುಂದಿತ್ತು. ಅಡ್ಡಲಾಗಿ ಬಂದ ಚೆಂಡೊಂದು ಫೋಗ್ಟ್ಸ್ ಅವರಿಗೆ ತಾಗಿ ಅವರದೇ ಬಲೆಯನ್ನು ಸೇರಿತು. ಬಳಿಕ ಹಾನ್ಸ್ ಕ್ರಾಂಕಲ್ ಹೊಡೆದ ಎರಡು ಗೋಲುಗಳಿಂದ ಆಸ್ಟ್ರಿಯಾ 3-2ರಲ್ಲಿ ಗೆದ್ದಿತು. ಆಸ್ಟ್ರಿಯಾದವರು ಇಂದಿಗೂ ಆ ದಿನವನ್ನು ಹಬ್ಬದಂತೆ ಸ್ಮರಿಸುತ್ತಾರೆ. ಅದು ಫೋಗ್ಟ್ಸ್ ಅವರ 96ನೆಯ ಹಾಗೂ ಕಡೆಯ ಅಂತರರಾಷ್ಟ್ರೀಯ ಪಂದ್ಯ. ಉಳಿದ 95 ಪಂದ್ಯಗಳನ್ನು ಆ ಒಂದು ಸ್ಪರ್ಶ ಮರೆಸಿತು.

ಒಂದಾದ ದೇಶ, ಒಂದಾಗಬೇಕಾದ ತಂಡ

1979ರಲ್ಲಿ ಆಟ ನಿಲ್ಲಿಸಿದ ಫೋಗ್ಟ್ಸ್ ದೊಡ್ಡ ಕ್ಲಬ್ಬುಗಳ ಕಡೆ ಹೋಗದೆ ಜರ್ಮನ್ ಫುಟ್‌ಬಾಲ್ ಒಕ್ಕೂಟದ ಕಿರಿಯರ ತಂಡಗಳ ತರಬೇತಿಗೆ ನಿಂತರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರನ್ನು ತಿದ್ದುವ, ಪತ್ರಿಕೆಗಳಿಗೆ ಅಷ್ಟಾಗಿ ಬೇಡದ ಈ ಕೆಲಸದಲ್ಲಿ ಕಳೆದರು. ಬೆಕೆನ್‌ಬೌವರ್ ರಾಷ್ಟ್ರೀಯ ತಂಡವನ್ನು ನಡೆಸುತ್ತಿದ್ದಾಗ ಅವರಿಗೆ ನೆರವಾದರು. 1990ರ ಜುಲೈ 8ರಂದು ರೋಮ್‌ನಲ್ಲಿ ಅರ್ಜೆಂಟೀನಾವನ್ನು 1-0ರಿಂದ ಮಣಿಸಿ ಪಶ್ಚಿಮ ಜರ್ಮನಿ ವಿಶ್ವಕಪ್ ಗೆದ್ದಿತು. ಬೆಕೆನ್‌ಬೌವರ್ ಕೀರ್ತಿಯ ಶಿಖರದಲ್ಲಿ ನಿಂತು ನಿರ್ಗಮಿಸಿದರು. ಅವರ ಜಾಗಕ್ಕೆ ಫೋಗ್ಟ್ಸ್ ಬಂದರು.

ಹೊರಡುವಾಗ ಬೆಕೆನ್‌ಬೌವರ್ ಆಡಿದ ಮಾತೊಂದು ಪ್ರಸಿದ್ಧವಾಗಿದೆ. ಈಗ ಪೂರ್ವದ ಆಟಗಾರರೂ ಸೇರಿಕೊಳ್ಳುವುದರಿಂದ ಜರ್ಮನ್ ತಂಡವನ್ನು ಮುಂದಿನ ಹಲವು ವರ್ಷ ಯಾರೂ ಸೋಲಿಸಲಾರರು ಎಂಬುದು ಅದರ ತಾತ್ಪರ್ಯ. ಹರ್ಷದಲ್ಲಿ ಬಂದ ಮಾತು. ಆದರೆ ಮುಂದೆ ಬರುವವನಿಗೆ ಅದು ತೀರಿಸಲಾಗದ ಸಾಲದಂತಾಯಿತು. ಗೆದ್ದರೆ ಅದು ನಿರೀಕ್ಷಿತವೇ, ಸೋತರೆ ತರಬೇತುದಾರನದೇ ತಪ್ಪು.

ಘಟನೆಗಳು ಬೇಗ ಬೇಗ ನಡೆದವು. 1990ರ ಸೆಪ್ಟೆಂಬರ್ 12ರಂದು ಬ್ರಸೆಲ್ಸ್‌ನಲ್ಲಿ ಪೂರ್ವ ಜರ್ಮನಿಯ ತಂಡ ತನ್ನ ಕೊನೆಯ ಪಂದ್ಯವಾಡಿ ಬೆಲ್ಜಿಯಂ ಅನ್ನು 2-0ರಿಂದ ಸೋಲಿಸಿತು. ಎರಡೂ ಗೋಲು ಹೊಡೆದವರು ಡ್ರೆಸ್ಡೆನ್‌ನ ಮಥಿಯಾಸ್ ಸಾಮರ್. ಅಕ್ಟೋಬರ್ 3ರಂದು ದೇಶ ಒಂದಾಯಿತು. ನವೆಂಬರಿನಲ್ಲಿ ಪೂರ್ವದ ಫುಟ್‌ಬಾಲ್ ಒಕ್ಕೂಟವು ಪಶ್ಚಿಮದ ಒಕ್ಕೂಟದಲ್ಲಿ ಸೇರಿತು. ಡಿಸೆಂಬರ್ 19ರಂದು ಸ್ಟುಟ್‌ಗಾರ್ಟ್‌ನಲ್ಲಿ ಏಕೀಕೃತ ಜರ್ಮನಿಯ ಮೊದಲ ಪಂದ್ಯ ನಡೆದು ಸ್ವಿಟ್ಜರ್ಲೆಂಡ್ 4-0ರಿಂದ ಸೋತಿತು. ಸಾಮರ್ ಅಂದು ಆಡಿದರು. ಪೂರ್ವದಿಂದ ಬಂದ ಆಂಡ್ರಿಯಾಸ್ ಥೋಮ್ ಬದಲಿ ಆಟಗಾರನಾಗಿ ಇಳಿದು ಗೋಲು ಗಳಿಸಿದರು.

ಇಷ್ಟು ಸುಲಭವಾಗಿ ಎಲ್ಲವೂ ಕೂಡಿಬಂತೆಂದು ಭಾವಿಸುವಂತಿರಲಿಲ್ಲ. 1991ರ ಜೂನ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಈ ತಂಡವನ್ನು 1-0ರಿಂದ ಸೋಲಿಸಿತು. ಯಾರೂ ಸೋಲಿಸಲಾರರೆಂಬ ಮಾತಿಗೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. 1992ರ ಯುರೋಪಿಯನ್ ಚಾಂಪಿಯನ್‌ಶಿಪ್ಪಿಗೆ ಸಾಮರ್, ಥೋಮ್, ಥೋಮಸ್ ಡಾಲ್ ಎಂಬ ಪೂರ್ವದ ಮೂವರು ಆಯ್ಕೆಯಾದರು. ಫೈನಲ್‌ನಲ್ಲಿ ಜರ್ಮನಿಯನ್ನು 2-0ರಿಂದ ಸೋಲಿಸಿದ್ದು ಡೆನ್ಮಾರ್ಕ್. ಯುಗೊಸ್ಲಾವಿಯಾವನ್ನು ಹೊರಗಿಟ್ಟದ್ದರಿಂದ ಕಡೆಯ ಗಳಿಗೆಯಲ್ಲಿ ಪ್ರವೇಶ ಪಡೆದಿದ್ದ ತಂಡವದು. 1994ರಲ್ಲಿ ಅಮೆರಿಕದ ವಿಶ್ವಕಪ್ಪಿನಲ್ಲಿ ಪ್ರೇಕ್ಷಕರಿಗೆ ಅಶ್ಲೀಲ ಸನ್ನೆ ತೋರಿದ ಸ್ಟೆಫಾನ್ ಎಫೆನ್‌ಬರ್ಗ್‌ರನ್ನು ಮನೆಗೆ ಕಳುಹಿಸಬೇಕಾಯಿತು. ಕ್ವಾರ್ಟರ್ ಫೈನಲ್‌ನಲ್ಲಿ ತಂಡ ಬಲ್ಗೇರಿಯಾದ ಎದುರು 2-1ರಿಂದ ಸೋತಿತು. ಪತ್ರಿಕೆಗಳು ಫೋಗ್ಟ್ಸ್‌ರನ್ನು ಹೀಯಾಳಿಸಿದವು. ಬೆಕೆನ್‌ಬೌವರ್‌ಗಿದ್ದ ಗಾಂಭೀರ್ಯ, ಮಾತಿನ ಚಾತುರ್ಯ ಇವರಲ್ಲಿಲ್ಲವೆಂದು ಆಡಿಕೊಂಡವು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಎರಡು ತಂಡಗಳನ್ನು ಕೂಡಿಸಿದರೆ ಬಲ ಇಮ್ಮಡಿಯಾಗುತ್ತದೆಂಬುದು ಕಾಗದದ ಮೇಲಿನ ಲೆಕ್ಕ. ಮೈದಾನದಲ್ಲಿ ಇಳಿಯುವವರು ಮಾತ್ರ ಆಗಲೂ ಹನ್ನೊಂದೇ ಮಂದಿ. ಒಬ್ಬನಿಗೆ ಜಾಗ ಕೊಡಬೇಕಾದರೆ ಇನ್ನೊಬ್ಬನನ್ನು ಕೂರಿಸಬೇಕು. ಬೇರೆ ಬೇರೆ ಪದ್ಧತಿಗಳಲ್ಲಿ ಕಲಿತವರು ಒಬ್ಬರ ಓಟವನ್ನು ಇನ್ನೊಬ್ಬರು ಮುಂಚಿತವಾಗಿ ಅರಿಯುವಂತಾಗಲು ವರ್ಷಗಳು ಬೇಕು. ಗೆದ್ದವರಿಗೆ ತಾವು ಗೆದ್ದವರೆಂಬ ಬಿಂಕ, ಬಂದವರಿಗೆ ತಾವು ಬಂದವರೆಂಬ ಅಳುಕು ಇರುವುದೂ ಸಹಜ. ಹೊಸ ನಾಡಿಗೆ ಬಂದು ಹೊಂದಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1996: ವೆಂಬ್ಲಿ

1996ರ ಯುರೋಪಿಯನ್ ಚಾಂಪಿಯನ್‌ಶಿಪ್ ಇಂಗ್ಲೆಂಡಿನಲ್ಲಿ ನಡೆಯಿತು. ದೇಶದ ಅತಿ ಪ್ರಸಿದ್ಧ ಆಟಗಾರ ಮಾಥೇಯುಸ್ ತಂಡದಲ್ಲಿರಲಿಲ್ಲ. ತಂಡವೇ ನಮ್ಮ ತಾರೆ ಎಂಬ ಅರ್ಥದ ಮಾತು ಆ ದಿನಗಳಲ್ಲಿ ಫೋಗ್ಟ್ಸ್ ಹೆಸರಿನೊಡನೆ ಬೆಸೆದುಕೊಂಡಿತು. ಅದು ಬರಿಯ ಘೋಷಣೆಯಾಗಿ ಉಳಿಯದಂತೆ ಪರಿಸ್ಥಿತಿಯೇ ನೋಡಿಕೊಂಡಿತು. ಮೊದಲ ಪಂದ್ಯದಲ್ಲಿಯೇ ರಕ್ಷಣೆಯ ಆಧಾರಸ್ತಂಭ ಯುರ್ಗೆನ್ ಕೋಲರ್ ಗಾಯಗೊಂಡರು. ಕ್ವಾರ್ಟರ್ ಫೈನಲ್‌ನಲ್ಲಿ ನಾಯಕ ಕ್ಲಿನ್ಸ್‌ಮನ್ ಗಾಯಗೊಂಡು ಸೆಮಿಫೈನಲ್ ತಪ್ಪಿಸಿಕೊಂಡರು. ಫೈನಲ್‌ಗೆ ಮೊದಲು ಮ್ಯೊಲರ್ ಮತ್ತು ರಾಯ್ಟರ್ ಕಾರ್ಡುಗಳ ಕಾರಣದಿಂದ ಅನರ್ಹರಾದರು. ಆಡಬಲ್ಲವರ ಕೊರತೆ ಎಷ್ಟಾಯಿತೆಂದರೆ ಟೂರ್ನಿಯ ಕೊನೆಯಲ್ಲಿ ಯೆನ್ಸ್ ಟಾಟ್‌ರನ್ನು ಹೊಸದಾಗಿ ಕರೆಸಿಕೊಳ್ಳಲು ಅನುಮತಿ ನೀಡಲಾಯಿತು.

ಈ ಹರಕು ತಂಡವನ್ನು ಹಿಂದಿನಿಂದ ಹಿಡಿದು ನಿಲ್ಲಿಸಿದವರು ಸಾಮರ್. ಪೂರ್ವ ಜರ್ಮನಿಯ ಕೊನೆಯ ಗೋಲನ್ನು ಹೊಡೆದಿದ್ದ ಅವರು ಈಗ ಏಕೀಕೃತ ಜರ್ಮನಿಯ ಲಿಬೆರೊ, ಅಂದರೆ ಒಂದು ಕಾಲದಲ್ಲಿ ಬೆಕೆನ್‌ಬೌವರ್ ನಿಲ್ಲುತ್ತಿದ್ದ ಸ್ಥಾನದಲ್ಲಿ. ರಷ್ಯಾದ ವಿರುದ್ಧ ಮೊದಲ ಗೋಲು, ಕ್ರೊಯೇಷಿಯಾದ ವಿರುದ್ಧ ಗೆಲುವಿನ ಗೋಲು ಅವರದೇ. ಸೆಮಿಫೈನಲ್‌ನಲ್ಲಿ ವೆಂಬ್ಲಿಯ ಕಿಕ್ಕಿರಿದ ಜನಸ್ತೋಮದೆದುರು ಇಂಗ್ಲೆಂಡನ್ನು ಪೆನಾಲ್ಟಿಗಳಲ್ಲಿ 6-5ರಿಂದ ಮಣಿಸಿದ ತಂಡದಲ್ಲಿ ಪೂರ್ವದಿಂದ ಬಂದ ಸ್ಟೆಫೆನ್ ಫ್ರಾಯ್ಂಡ್ ಕೂಡ ಇದ್ದರು.

ಜೂನ್ 30ರ ಫೈನಲ್‌ನಲ್ಲಿ ಎದುರಾಳಿ ಚೆಕ್ ಗಣರಾಜ್ಯ. ಇಪ್ಪತ್ತು ವರ್ಷಗಳ ಹಿಂದೆ ಬೆಲ್‌ಗ್ರೇಡ್‌ನಲ್ಲಿ ಆಟಗಾರರಾಗಿ ಫೋಗ್ಟ್ಸ್ ಸೋತದ್ದು ಚೆಕೊಸ್ಲೊವಾಕಿಯಾಕ್ಕೆ. 59ನೆಯ ನಿಮಿಷದಲ್ಲಿ ಬೆರ್ಗರ್ ಪೆನಾಲ್ಟಿಯಿಂದ ಚೆಕ್ಕರನ್ನು ಮುಂದೆ ತಂದರು. ಹತ್ತು ನಿಮಿಷಗಳ ನಂತರ ಫೋಗ್ಟ್ಸ್ ಬದಲಿ ಆಟಗಾರನಾಗಿ ಇಳಿಸಿದ್ದು ಒಲಿವರ್ ಬಿಯರ್‌ಹಾಫ್‌ರನ್ನು. ಇಟಲಿಯ ಉದಿನೇಸೆ ಕ್ಲಬ್ಬಿಗೆ ಆಡುತ್ತಿದ್ದ, ತಾಯ್ನಾಡಿನಲ್ಲಿ ಅಷ್ಟಾಗಿ ಹೆಸರಿಲ್ಲದ ಮುಂಪಡೆಯ ಆಟಗಾರ ಅವರು. ನಾಲ್ಕು ನಿಮಿಷಗಳಲ್ಲಿ ಅವರು ತಲೆಯಿಂದ ಗೋಲು ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಸುವರ್ಣ ಗೋಲಿನ ನಿಯಮ ಆಗಿತ್ತು. 95ನೆಯ ನಿಮಿಷದಲ್ಲಿ ಬಿಯರ್‌ಹಾಫ್ ಹೊಡೆದ ಚೆಂಡು ಗೋಲ್‌ಕೀಪರ್ ಕೈಯಿಂದ ಜಾರಿ ಕಂಬಕ್ಕೆ ತಾಗಿ ಒಳಗೆ ಹೋಯಿತು. ಪಂದ್ಯ ಅಲ್ಲಿಗೇ ಮುಗಿಯಿತು. ಸಾಮರ್ ಟೂರ್ನಿಯ ಶ್ರೇಷ್ಠ ಆಟಗಾರರಾದರು. ವರ್ಷದ ಕೊನೆಯಲ್ಲಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬಲೋನ್ ಡೋರ್ ಪ್ರಶಸ್ತಿಯೂ ಅವರಿಗೆ ದೊರೆಯಿತು.

ಒಂದಾದ ಜರ್ಮನಿ ಗೆದ್ದ ಮೊದಲ ದೊಡ್ಡ ಪ್ರಶಸ್ತಿ ಇದು. ಗೋಡೆ ಬಿದ್ದು ಆರೂವರೆ ವರ್ಷಗಳಾಗಿದ್ದವು. 1990ರಲ್ಲಿ ಬೆಕೆನ್‌ಬೌವರ್ ನುಡಿದದ್ದು ನಿಜವಾಗಲು ಅಷ್ಟು ಕಾಲ ಬೇಕಾಯಿತು; ಅದೂ ಅಜೇಯ ಪ್ರತಿಭೆಗಳ ಗುಂಪಾಗಿ ಅಲ್ಲ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಂಡು ಹೋದ ಗಾಯಾಳುಗಳ ತಂಡವಾಗಿ. ಅಂಥ ತಂಡವನ್ನು ಕಟ್ಟಲು ಒಬ್ಬ ಲಿಬೆರೊಗಿಂತ, ಇನ್ನೊಬ್ಬರಿಗಾಗಿ ಓಡಿ ಅಭ್ಯಾಸವಿದ್ದ ಟೆರಿಯರ್ ತಕ್ಕವನಾಗಿದ್ದನೆಂದು ನಮಗೆ ತೋರುತ್ತದೆ.

ಆಮೇಲಿನ ಅಲೆದಾಟ

ಎರಡು ವರ್ಷಗಳ ನಂತರ ಫ್ರಾನ್ಸ್‌ನ ವಿಶ್ವಕಪ್ಪಿನಲ್ಲಿ ವಯಸ್ಸಾದ ಜರ್ಮನ್ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಕ್ರೊಯೇಷಿಯಾಕ್ಕೆ 3-0ರಿಂದ ಸೋತಿತು. 1998ರ ಸೆಪ್ಟೆಂಬರ್‌ನಲ್ಲಿ ಫೋಗ್ಟ್ಸ್ ರಾಜೀನಾಮೆ ಕೊಟ್ಟರು. ರಾಷ್ಟ್ರೀಯ ತಂಡವನ್ನು ಅವರು 102 ಪಂದ್ಯಗಳಲ್ಲಿ ನಡೆಸಿದ್ದರು. ಮುಂದೆ ಲೆವರ್‌ಕೂಸೆನ್ ಕ್ಲಬ್ಬಿನಲ್ಲಿ ಅಲ್ಪಕಾಲ ದುಡಿದು, ಕುವೈತ್ ತಂಡಕ್ಕೆ ತರಬೇತುದಾರರಾಗಿ ಹೋದರು. 2002ರಲ್ಲಿ ಸ್ಕಾಟ್ಲೆಂಡ್ ಅವರನ್ನು ಕರೆಯಿತು. ಅಲ್ಲಿ ಪುಟ್ಟ ಫಾರೋ ದ್ವೀಪಗಳ ಎದುರು 2-2ರ ಸಮಬಲ ಕಂಡು ಟೀಕೆಗೆ ಗುರಿಯಾದರು. 2003ರ ನವೆಂಬರ್‌ನಲ್ಲಿ ಅವರ ತಂಡ ನೆದರ್ಲ್ಯಾಂಡ್ಸನ್ನು ಗ್ಲಾಸ್ಗೊದಲ್ಲಿ 1-0ರಿಂದ ಸೋಲಿಸಿ, ನಾಲ್ಕು ದಿನಗಳ ಬಳಿಕ ಆಂಸ್ಟರ್‌ಡ್ಯಾಮ್‌ನಲ್ಲಿ 6-0ರಿಂದ ಸೋತಿತು. ಆದರೆ ಡ್ಯಾರೆನ್ ಫ್ಲೆಚರ್, ಜೇಮ್ಸ್ ಮೆಕ್‌ಫ್ಯಾಡನ್ ಮುಂತಾದ ಎಳೆಯರಿಗೆ ಸ್ಕಾಟ್ಲೆಂಡ್ ಪರ ಮೊದಲ ಅವಕಾಶ ಕೊಟ್ಟವರು ಅವರೇ. ಆಮೇಲೆ ನೈಜೀರಿಯ, ಬಳಿಕ 2008ರಿಂದ 2014ರವರೆಗೆ ಅಜರ್‌ಬೈಜಾನ್; ನಂತರ ತಮ್ಮ ಹಳೆಯ ನಾಯಕ ಕ್ಲಿನ್ಸ್‌ಮನ್ ನಡೆಸುತ್ತಿದ್ದ ಅಮೆರಿಕ ತಂಡಕ್ಕೆ ಸಲಹೆಗಾರ. ಒಂದೇ ಕ್ಲಬ್ಬಿಗೆ ಜೀವಮಾನವಿಡೀ ಆಡಿದವರು ತರಬೇತುದಾರರಾಗಿ ನಾಲ್ಕು ಖಂಡಗಳ ತಂಡಗಳ ಜೊತೆ ದುಡಿದರು. ಈ ಯಾವ ಊರಿನಲ್ಲೂ ಅವರ ಕೈಗೆ ಸಿದ್ಧ ತಂಡ ಸಿಗಲಿಲ್ಲ. ಕಟ್ಟಬೇಕಾದ ತಂಡಗಳೇ ಸಿಕ್ಕವು.

2024ರಲ್ಲಿ ಜರ್ಮನಿಯಲ್ಲೇ ನಡೆದ ಯುರೋಪಿಯನ್ ಚಾಂಪಿಯನ್‌ಶಿಪ್ಪನ್ನು ನಮ್ಮಲ್ಲಿ ಅನೇಕರು ಮಕ್ಕಳೊಡನೆ ಕಂಡೆವು. ಅಂದೂ ಜರ್ಮನಿ ಕ್ವಾರ್ಟರ್ ಫೈನಲ್‌ನಲ್ಲಿ ನಿರ್ಗಮಿಸಿತು. ಹೀಗಾಗಿ ಯುರೋಪಿನ ಆ ಕಪ್ಪನ್ನು ಈ ದೇಶಕ್ಕೆ ಕೊನೆಯದಾಗಿ ತಂದುಕೊಟ್ಟ ತರಬೇತುದಾರ ಇಂದಿಗೂ ಫೋಗ್ಟ್ಸ್ ಅವರೇ. ನಮ್ಮ ಮಕ್ಕಳು ಇಲ್ಲಿನ ಊರೂರಿನ ಕ್ಲಬ್ಬುಗಳಲ್ಲಿ ವಾರಾಂತ್ಯಕ್ಕೆ ಆಡಲು ಹೋಗುತ್ತಾರೆ. ಎಲ್ಲರಿಗೂ ಮುಂದೆ ನಿಂತು ಗೋಲು ಹೊಡೆಯುವ ಆಸೆ. ಹಿಂದೆ ನಿಲ್ಲಲು ಹೇಳಿದರೆ ಮುಖ ಸಣ್ಣದಾಗುತ್ತದೆ. ಅಂಥ ದಿನ ಮನೆಗೆ ಬರುವ ದಾರಿಯಲ್ಲಿ ಬ್ಯೂಟ್ಗೆನ್‌ನ ಆ ಗಿಡ್ಡ ಹುಡುಗನ ಕಥೆಯನ್ನು ಅವರಿಗೆ ಹೇಳಬಹುದು.